"ಹೆಚ್ಚುಕಮ್ಮಿ ನಡೀತದ" ಅನ್ನೋರಿಗೆ

1/5
ಮನ್ಯಾಗ ಕಟ್ಟಿದ ಹ್ಯಾಮ್ ರೇಡಿಯೋ ಅಂದ್ರ ಸಾಕು, ಕೆಲವ್ರ ಮಾತು ಒಂದೇ: "ಹೋಮ್‌ಬ್ರೂ ಸೆಟ್ ಅಲ್ಲೇನು, 100 ಹರ್ಟ್ಸ್ ಹೆಚ್ಚುಕಮ್ಮಿ ನಡೀತದ ಬಿಡ್ರಿ." ನಡ್ಯಂಗಿಲ್ಲ ರೀ. ಕೇಳಕ್ಕ ಪ್ರೀತಿ ಮಾತಿದ್ದಂಗ ಅದ, ಖರೇ ಅಂದ್ರ ಅವಮಾನ. ಜಪಾನಿನ ಸೆಟ್ ತಗೊಂಡವ್ರಿಗೆ ಒಂದು ಅಳತೆ, ಯಾದಗಿರಿ, ಶಹಾಪುರ, ಸುರಪುರದಾಗ ಸೋಲ್ಡರ್ ಹಿಡಿದು ಕುಂತವ್ರಿಗೆ ಇನ್ನೊಂದು ಅಳತೆ ಯಾಕ?

2/5
ಬಿಕಾಂ ಲೆಕ್ಕದಾಗ ಹೇಳ್ತೀನಿ. ಟ್ರಯಲ್ ಬ್ಯಾಲೆನ್ಸ್ ಕೂಡಲಿಲ್ಲ ಅಂದ್ರ ವ್ಯತ್ಯಾಸಾನ ಸಸ್ಪೆನ್ಸ್ ಅಕೌಂಟಿಗೆ ಹಾಕ್ತೀವಿ. ಆದ್ರ ಅಲ್ಲೇ ಬಿಟ್ಟು ಮಲಗಂಗಿಲ್ಲ, ತಪ್ಪು ಹುಡುಕಿ ಅದನ್ನ ಸೊನ್ನೆ ಮಾಡ್ತೀವಿ. "ಹೆಚ್ಚುಕಮ್ಮಿ" ಅನ್ನೋದು ರೇಡಿಯೋದ ಸಸ್ಪೆನ್ಸ್ ಅಕೌಂಟ್. ವರ್ಷಗಟ್ಟಲೆ ತೆರೆದಿಟ್ಟು ಕುಂತಾರ ಮಂದಿ.

3/5
ಹೈದರಾಬಾದಿನ ಅಶ್ಹರ್ ಫರ್ಹಾನ್ ಡಿಸೈನ್ ಮಾಡಿದ ಯುಬಿಟ್‌ಎಕ್ಸ್ ನೋಡ್ರಿ. ಒಳಗ ಎಸ್‌ಐ5351 ಚಿಪ್, ಅದಕ್ಕ 25 ಮೆಗಾಹರ್ಟ್ಸ್ ಕ್ರಿಸ್ಟಲ್. ಅದು 15 ಪಿಪಿಎಂ, ಅಂದ್ರ ಹತ್ತು ಲಕ್ಷಕ್ಕ 15 ತಪ್ಪಿದ್ರ, 7.1 ಮೆಗಾಹರ್ಟ್ಸ್‌ನಾಗ ಸುಮಾರು 107 ಹರ್ಟ್ಸ್ ತಪ್ಪು, 28ರಾಗ 420. ಸಾಫ್ಟ್‌ವೇರ್‌ನಾಗ ಒಂದು ಅಂಕಿ ತಿದ್ದಿದ್ರ ಎಲ್ಲಾ ಬ್ಯಾಂಡೂ ಒಮ್ಮೆಲೇ ಸರಿ ಆಗ್ತಾವ. ಇಷ್ಟು ಸುಲಭ ಇದ್ದದ್ದಕ್ಕ ನೆಪ ಯಾಕ ಹೇಳ್ತೀರಿ? ಬಿಎಫ್‌ಒ ತಿರುಗಿಸಿ ದನಿ ಚೆಂದ ಮಾಡೋದು ಬ್ಯಾರೆ, ಫ್ರೀಕ್ವೆನ್ಸಿ ತಿದ್ದೋದು ಬ್ಯಾರೆ.

4/5
ಯಾವುದಕ್ಕ ಹೋಲಿಸಿ ತಿದ್ದಬೇಕು? ನೆಟ್‌ನಾಗ ಮಾತಾಡೋ ಹಿರಿಯರ ಸೆಟ್ಟಿಗೆ ಹೋಲಿಸಿದ್ರ ಪಕ್ಕದವನ ಪೇಪರ್ ನೋಡಿ ಕಾಪಿ ಹೊಡೆದಂಗ. ಅವರದೇ ತಪ್ಪಿದ್ರ? 10 ಮೆಗಾಹರ್ಟ್ಸ್‌ನಾಗ ಚೀನಾದ ಬಿಪಿಎಂ ಟೈಮ್ ಸಿಗ್ನಲ್ ಹಿಡೀರಿ, ಅದರ ಹಿಂದ ಅಟಾಮಿಕ್ ಗಡಿಯಾರ ಅದ. ಯುಎಸ್‌ಬಿ ಮೋಡ್‌ನಾಗ ಡಯಲ್ 9.999ಕ್ಕ ಇಡ್ರಿ. ಕ್ಯಾರಿಯರಿನ ಸೀಟಿ ಸರಿಯಾಗಿ 1000 ಹರ್ಟ್ಸ್ ಬರಬೇಕು. ಫೋನಿನ ಸ್ಪೆಕ್ಟ್ರಮ್ ಆಪ್ 1150 ತೋರಿಸಿದ್ರ 150 ಹರ್ಟ್ಸ್ ತಪ್ಪು, ಅಂದ್ರ 15 ಪಿಪಿಎಂ. ಖರ್ಚು ಎಷ್ಟು? ಸೊನ್ನೆ.

5/5
"ನಮ್ಮ ಬಿಸಿಲಿಗೆ ಕ್ರಿಸ್ಟಲ್ ಸರೀತದಲ್ಲ" ಅಂತೀರಿ. ಸರೀತದ, ಒಪ್ತೀನಿ. ಡಿಸೆಂಬರ್ ಮುಂಜಾನೆ ತಿದ್ದಿದ್ದು ಮೇ ತಿಂಗಳ ಮಧ್ಯಾಹ್ನಕ್ಕ ಹೊಂದಂಗಿಲ್ಲ. ಹಂಗಂದ್ರ ಮತ್ತೊಮ್ಮೆ ತಿದ್ರಿ. ಸೆಟ್ ಅರ್ಧ ತಾಸು ಚಾಲೂ ಇಟ್ಟು ಆಮ್ಯಾಲ ಅಳೀರಿ, ತಾರೀಖು ಹಾಕಿ ಅಂಕಿ ಬರೆದಿಡ್ರಿ. 40 ಮೀಟರ್‌ನಾಗ ನಮ್ಮ ಗಡಿ 7.000ದಿಂದ 7.200. ಆ ಗಡಿ ಕಾಯೋ ಜವಾಬ್ದಾರಿ ಲೈಸೆನ್ಸ್ ಹಿಡಿದವರದು, ಸೆಟ್ ಅಂಗಡೀದಿರ್ಲಿ ಮನೀದಿರ್ಲಿ.

ನಮಗ ರಿಯಾಯಿತಿ ಬ್ಯಾಡ. ಅಳತೆ ಎಲ್ಲರಿಗೂ ಒಂದೇ ಇರ್ಲಿ. ಅಳೆದವರು ನಿಮ್ಮ ಪಿಪಿಎಂ ಎಷ್ಟು ಬಂತು ಅಂತ ಕೆಳಗ ಬರೀರಿ.

#ಹ್ಯಾಮ್‌ರೇಡಿಯೋ #ಹೋಮ್‌ಬ್ರೂ #ಯಾದಗಿರಿ #ಶಹಾಪುರ #ಸುರಪುರ