ಗ್ರಂಥಸಂಪಾದನೆ ಮತ್ತು ಅಕ್ಷರಜೋಡಣೆ: ಸಂಪಾದಕನ ಹೊಣೆ

ರಾಯಚೂರಿನಿಂದ ಪಶ್ಚಿಮಕ್ಕೆ ಹೊರಟ ದಾರಿ ಕಲ್ಮಲದ ಬಳಿ ಕವಲೊಡೆದು ಮಾನ್ವಿ, ದೇವದುರ್ಗಗಳ ಕಡೆಗೆ ಸಾಗುತ್ತದೆ. ಎರಡೂ ಹರಿದಾಸ ಸಾಹಿತ್ಯದ ಸೀಮೆಗಳು. ವಿಜಯದಾಸರ ಚೀಕಲಪರವಿ ಹಾಗೂ ಜಗನ್ನಾಥದಾಸರ ಬ್ಯಾಗವಾಟ ಮಾನ್ವಿಯ ಪರಿಸರಕ್ಕೆ, ಗೋಪಾಲದಾಸರ ಮೊಸರಕಲ್ಲು ದೇವದುರ್ಗದ ಪರಿಸರಕ್ಕೆ ಸೇರಿದವು. ಇಲ್ಲಿಯ ಕೀರ್ತನೆ, ಸುಳಾದಿಗಳು ಬಾಯಿಂದ ಬಾಯಿಗೂ ಪ್ರತಿಯಿಂದ ಪ್ರತಿಗೂ ಸಾಗಿ ಬಂದಿರುವುದರಿಂದ ಪಾಠಾಂತರಗಳು ಸಹಜವಾಗಿಯೇ ವಿಪುಲವಾಗಿವೆ. ಅವುಗಳಲ್ಲಿ ಗ್ರಾಹ್ಯವಾದುದನ್ನು ಆರಿಸುವುದು, ಉಳಿದುದನ್ನು ಪ್ರತಿಯ ಸಂಕೇತದೊಡನೆ ದಾಖಲಿಸುವುದು ಸಂಪಾದಕನ ಕರ್ತವ್ಯ. ಹೀಗೆ ನಿರ್ಣಯಗೊಂಡ ಪಾಠ ಅಚ್ಚಿನ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ಕನ್ನಡ ವಿಭಾಗಗಳು ತಮ್ಮದೆಂದು ಭಾವಿಸಿಲ್ಲ.

ಡಿ.ಟಿ.ಪಿ. ಪದ್ಧತಿಯಲ್ಲಿ ಪಠ್ಯ ಮತ್ತು ಅದರ ರೂಪ ಒಂದರೊಳಗೊಂದು ಬೆರೆತುಹೋಗುತ್ತವೆ. ದಪ್ಪ ಅಕ್ಷರದಲ್ಲಿರುವುದು ಪಲ್ಲವಿಯೋ ಅಂಕಿತವೋ ಶೀರ್ಷಿಕೆಯೋ ಎಂಬುದು ಗಣಕಕ್ಕೆ ತಿಳಿಯದು. ಪಾಠಾಂತರಗಳನ್ನು ಕೈಯಾರೆ ಪುಟದ ಅಡಿಯಲ್ಲಿ ಕೂರಿಸಿದ್ದರೆ, ಒಂದು ಪದ್ಯ ಸೇರಿದೊಡನೆ ಮುಂದಿನ ಸಂಖ್ಯೆಗಳೆಲ್ಲ ಪಲ್ಲಟಗೊಳ್ಳುತ್ತವೆ. ಯೂನಿಕೋಡ್ ಪೂರ್ವದ ಅಕ್ಷರವಿನ್ಯಾಸಗಳಲ್ಲಿ ಸಿದ್ಧಪಡಿಸಿದ ಕಡತಗಳ ಸ್ಥಿತಿಯಂತೂ ಶೋಚನೀಯ: ಆ ಅಕ್ಷರವಿನ್ಯಾಸವಿಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಮುದ್ರಿತ ಪ್ರತಿ ಉಳಿದಿರುತ್ತದೆ. ಮರುಮುದ್ರಣಕ್ಕೆ ಮತ್ತೆ ಮೊದಲಿನಿಂದ ಅಕ್ಷರ ಜೋಡಿಸಬೇಕಾಗುತ್ತದೆ. ಪ್ರತಿ ಜೋಡಣೆಯೂ ಹೊಸ ಲಿಪಿಕಾರನ ಸ್ಖಾಲಿತ್ಯಗಳಿಗೆ ಎಡೆಮಾಡುತ್ತದೆ.

ಮಾರ್ಕಪ್ ಆಧಾರಿತ ಅಕ್ಷರಜೋಡಣೆ ಇದಕ್ಕೆ ಪರಿಹಾರವಾಗಬಲ್ಲುದು. ಇದರಲ್ಲಿ ಪಠ್ಯದೊಳಗೇ 'ಇದು ಪಲ್ಲವಿ', 'ಇದು ಪಾಠಾಂತರ' ಎಂಬ ಗುರುತುಗಳನ್ನು ಬರೆಯಲಾಗುತ್ತದೆ. ಪುಟದ ಅಂದವನ್ನು ತಂತ್ರಾಂಶ ಬೇರೆಯಾಗಿ ನಿರ್ವಹಿಸುತ್ತದೆ. ತಮ್ಮ ಗ್ರಂಥದ ಕರಡಚ್ಚಿನ ಕಳಪೆ ಗುಣಮಟ್ಟದಿಂದ ಬೇಸತ್ತ ಡೊನಾಲ್ಡ್ ಕ್ನೂತ್ 1977ರಲ್ಲಿ 'ಟೆಕ್' ವ್ಯವಸ್ಥೆಯನ್ನು ರೂಪಿಸತೊಡಗಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ 'ಲೇಟೆಕ್' ಅನ್ನು ಕಟ್ಟಿದರು. ಇದು ಗಣಿತಜ್ಞರ ಸಾಧನವೆಂಬ ಭಾವನೆ ವ್ಯಾಪಕವಾಗಿದೆ. ಆದರೆ ಪಾಠಾಂತರಸಹಿತ ಆವೃತ್ತಿಗಳಿಗಾಗಿ 'ಎಡ್‌ಮ್ಯಾಕ್' ಎಂಬ ಉಪತಂತ್ರಾಂಶವನ್ನು ಜಾನ್ ಲವಾನ್ಯಿನೊ ಅವರೊಡನೆ ರೂಪಿಸಿದ ಡೊಮಿನಿಕ್ ವುಯಾಸ್ಟಿಕ್ ಸಂಸ್ಕೃತ ವಿದ್ವಾಂಸರು ಎಂಬುದು ಗಮನಾರ್ಹ. ಅದರ ಇಂದಿನ ರೂಪ 'ರೆಲೆಡ್‌ಮ್ಯಾಕ್'. ಸಾಲುಸಂಖ್ಯೆ, ಹಲವು ಸ್ತರದ ಅಡಿಟಿಪ್ಪಣಿಗಳನ್ನು ಅದು ತಾನಾಗಿಯೇ ಹೊಂದಿಸುತ್ತದೆ.

ಕನ್ನಡಕ್ಕಿದ್ದ ತೊಡಕುಗಳೂ ಬಹುಮಟ್ಟಿಗೆ ನೀಗಿವೆ. ಜೊನಾಥನ್ ಕ್ಯೂ 2004ರಲ್ಲಿ ಹೊರತಂದ 'ಝೀಟೆಕ್' ಯೂನಿಕೋಡ್ ಪಠ್ಯವನ್ನು ನೇರವಾಗಿ ಸ್ವೀಕರಿಸುತ್ತದೆ. ಒತ್ತಕ್ಷರಗಳ ಜೋಡಣೆಯನ್ನು ಅಕ್ಷರವಿನ್ಯಾಸವೇ ನೋಡಿಕೊಳ್ಳುತ್ತದೆ. ಹಳಗನ್ನಡದ ಱ, ೞಗಳಿಗೂ ಯೂನಿಕೋಡ್‌ನಲ್ಲಿ ಸ್ಥಾನವಿದೆ. ಆದರೆ ೞಕ್ಕೆ ಅಲ್ಲಿ ದೊರೆತ ಅಧಿಕೃತ ಹೆಸರು 'ಫ'! ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲವಾದ್ದರಿಂದ ತಿದ್ದುಪಡಿಯ ಪರ್ಯಾಯನಾಮವನ್ನಷ್ಟೇ ಸೇರಿಸಲಾಯಿತು. ನಕಾರಪೊಲ್ಲು ಸೇರ್ಪಡೆಯಾದುದು 2021ರಲ್ಲಿ. ಭಾಷೆ ಬಲ್ಲವರು ತಂತ್ರಜ್ಞಾನದಿಂದ ದೂರ ಉಳಿದರೆ ಏನಾಗಬಹುದೆಂಬುದಕ್ಕೆ ಆ ಹೆಸರಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಆಕ್ಷೇಪಗಳಿಲ್ಲವೆಂದಲ್ಲ. ಆರಂಭದ ಕಲಿಕೆ ಕಷ್ಟಕರ. ಒಂದು ಆವರಣ ಚಿಹ್ನೆ ತಪ್ಪಿದರೂ ಪುಟ ಮೂಡದು. ಮುದ್ರಣಾಲಯಗಳಿಗೆ ಈ ಪದ್ಧತಿಯ ರೂಢಿಯಿಲ್ಲ. ಕಿರು ಕವನಸಂಕಲನಕ್ಕೆ ಇಷ್ಟು ಸಿದ್ಧತೆ ಅನಗತ್ಯ. ಆದರೆ ಹತ್ತಾರು ಹಸ್ತಪ್ರತಿಗಳನ್ನು ತಾಳೆನೋಡಿದ ಆವೃತ್ತಿಗೆ, ನೂರಾರು ಶಾಸನಗಳ ಸಂಪುಟಕ್ಕೆ, ಪಿಎಚ್.ಡಿ. ಮಹಾಪ್ರಬಂಧಕ್ಕೆ ಈ ವಾದ ಸಲ್ಲದು. ಅಲ್ಲಿ ಮೊದಲು ಪಟ್ಟ ಶ್ರಮ ಪ್ರತಿ ಪರಿಷ್ಕರಣದಲ್ಲೂ ಫಲ ಕೊಡುತ್ತದೆ. ಮುದ್ರಣಾಲಯಕ್ಕೆ ಸಿದ್ಧ ಪಿ.ಡಿ.ಎಫ್. ಪ್ರತಿಯನ್ನೇ ಒಪ್ಪಿಸಬಹುದು.

ಆದ್ದರಿಂದ ಸ್ನಾತಕೋತ್ತರ ತರಗತಿಗಳ ಗ್ರಂಥಸಂಪಾದನೆ ಪತ್ರಿಕೆಯಲ್ಲಿ ಇದಕ್ಕೆ ಪ್ರಾಯೋಗಿಕ ಸ್ಥಾನ ದೊರೆಯಬೇಕು. ಒಂದು ಸುಳಾದಿಯ ಮೂರು ಪ್ರತಿಗಳನ್ನು ಕೊಟ್ಟು, ಪಾಠಾಂತರ ಗುರುತಿಸಿ ಪುಟ ಸಿದ್ಧಪಡಿಸುವ ಅಭ್ಯಾಸವೊಂದೇ ಆರಂಭಕ್ಕೆ ಸಾಕು. ಗುರುತು ಹಾಕುವಾಗ ವಿದ್ಯಾರ್ಥಿ ಪ್ರತಿ ಪದದ ಬಗೆಗೂ ನಿರ್ಣಯಿಸಲೇಬೇಕಾಗುತ್ತದೆ. ಸಂದೇಹವನ್ನು ಅಂದವಾದ ಪುಟದ ಮರೆಯಲ್ಲಿ ಅಡಗಿಸಲಾಗದು. ಓಲೆಗರಿಯ ಲಿಪಿಕಾರ ತನ್ನ ತಪ್ಪುಗಳನ್ನು ಮನ್ನಿಸಬೇಕೆಂದು ಪ್ರತಿಯ ಕೊನೆಯಲ್ಲಿ ಓದುಗರನ್ನು ಬೇಡುತ್ತಿದ್ದ. ಇಂದಿನ ಸಂಪಾದಕನಿಗೆ ಆ ವಿನಯದೊಡನೆ ತನ್ನ ನಿರ್ಣಯಗಳ ಪೂರ್ಣ ಲೆಕ್ಕವನ್ನೂ ಒಪ್ಪಿಸುವ ಅವಕಾಶವಿದೆ. ಅದನ್ನು ಅಚ್ಚಿನ ಮನೆಯವರಿಗೆ ಬಿಟ್ಟುಕೊಡುವುದು ವಿದ್ವತ್ತಿನ ಅರ್ಧ ಕೆಲಸವನ್ನೇ ಬಿಟ್ಟುಕೊಟ್ಟಂತೆ.