ಸಂಬಳವೊಂದರಿಂದಲೇ ನೌಕರ ನಿಲ್ಲುವುದಿಲ್ಲ

ಚಿತ್ರದುರ್ಗ: ಬಯಲುಸೀಮೆಗೆ ಉದ್ಯಮಗಳು ಬರಬೇಕೆಂಬ ಬೇಡಿಕೆ ಹಳೆಯದು. ಬಂದ ಉದ್ಯಮಗಳಲ್ಲಿ ನೌಕರರು ಏಕೆ ನಿಲ್ಲುತ್ತಾರೆ, ಏಕೆ ಬಿಟ್ಟು ಹೋಗುತ್ತಾರೆ ಎಂಬ ಪ್ರಶ್ನೆ ಮಾತ್ರ ಚರ್ಚೆಗೆ ಬರುವುದು ಅಪರೂಪ. ಬೆಂಗಳೂರು-ಪುಣೆ ಹೆದ್ದಾರಿ ಹಿರಿಯೂರು ಮತ್ತು ಚಿತ್ರದುರ್ಗವನ್ನು ಹಾದುಹೋಗುತ್ತದೆ. ಜಿಲ್ಲಾ ಕೇಂದ್ರದಿಂದ ರಾಜಧಾನಿಗೆ ಸುಮಾರು 200 ಕಿ.ಮೀ. ಆದ್ದರಿಂದ ಇಲ್ಲಿನ ಮಾಲೀಕರಿಗೆ ನಿಜವಾದ ಪ್ರತಿಸ್ಪರ್ಧಿ ಬೆಂಗಳೂರೇ.

ವೇತನ ಮುಖ್ಯವೆಂಬುದನ್ನು ಅಲ್ಲಗಳೆಯಲಾಗದು. ಆದರೆ ಅದರಷ್ಟೇ ಮುಖ್ಯವಾದುದು ಕೆಲಸದ ಖಾತರಿ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಬೆನ್ನಲ್ಲೇ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಪರಿಸರದ ದೃಷ್ಟಿಯಿಂದ ಆ ಕ್ರಮ ಅನಿವಾರ್ಯವಾಗಿತ್ತು. ಆದರೆ ಅಕ್ರಮದಲ್ಲಿ ಯಾವ ಪಾಲೂ ಇಲ್ಲದ ಲಾರಿ ಚಾಲಕರು, ಕ್ಲೀನರ್‌ಗಳು, ದಿನಗೂಲಿಗಳು ಏಕಾಏಕಿ ಬರಿಗೈಯಾದರು. 'ಎ' ಮತ್ತು 'ಬಿ' ವರ್ಗದ ಗಣಿಗಳ ಪುನರಾರಂಭಕ್ಕೆ ನ್ಯಾಯಾಲಯ ಅನುಮತಿ ನೀಡಿದ್ದು 2013ರ ಏಪ್ರಿಲ್‌ನಲ್ಲಿ. ಅಷ್ಟು ಕಾಲ ಕಾಯುವ ಶಕ್ತಿ ಗುತ್ತಿಗೆ ಕಾರ್ಮಿಕನಿಗೆ ಎಲ್ಲಿಯದು?

ಹಾಗೆಂದು ಕೆಲಸ ಬಿಡದವರೆಲ್ಲ ತೃಪ್ತರು ಎನ್ನುವಂತಿಲ್ಲ. ಸಾರಿಗೆ ನಿಗಮಗಳ ನೌಕರರು ಆರನೇ ವೇತನ ಆಯೋಗದ ಶಿಫಾರಸಿನ ವೇತನಕ್ಕಾಗಿ 2021ರ ಏಪ್ರಿಲ್‌ನಲ್ಲಿ ಎರಡು ವಾರ ಮುಷ್ಕರ ಹೂಡಿದರು. ಅವರು ನೌಕರಿ ಬಿಡಲಿಲ್ಲ, ಅಸಮಾಧಾನವನ್ನೂ ಬಿಡಲಿಲ್ಲ. ಭದ್ರತೆಯು ನೌಕರನನ್ನು ಉಳಿಸಿಕೊಳ್ಳಬಲ್ಲದು, ಆತನ ಮನಸ್ಸನ್ನು ಉಳಿಸಿಕೊಳ್ಳಲು ನ್ಯಾಯವೂ ಬೇಕು.

ದುಡಿದ ಹಣದ ಮೇಲಿನ ಹಕ್ಕು ಇನ್ನೊಂದು ಅಂಶ. ಭವಿಷ್ಯ ನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು. ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂಪಡೆಯಬೇಕಾಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯು ನಿಗದಿತ ಅವಧಿಯ ನೌಕರರಿಗೆ ಒಂದು ವರ್ಷದ ಸೇವೆಗೇ ಗ್ರಾಚ್ಯುಟಿಯ ಹಕ್ಕು ನೀಡಿದೆ. ಹಿಂದಿನ ಕಾಯ್ದೆಯಲ್ಲಿ ಇದಕ್ಕೆ ಐದು ವರ್ಷ ಕಾಯಬೇಕಿತ್ತು. ಗ್ರಾಚ್ಯುಟಿಯ ಆಸೆ ತೋರಿಸಿ ಇಂಥ ನೌಕರರನ್ನು ಹಿಡಿದಿಡುವ ಕಾಲ ಮುಗಿಯಿತು.

ಹೊಸದುರ್ಗದ ತೆಂಗು, ಹೊಳಲ್ಕೆರೆಯ ಅಡಿಕೆ, ಹಿರಿಯೂರಿನ ವಾಣಿವಿಲಾಸ ಸಾಗರದ ನೀರು ಇಲ್ಲಿನ ಕುಟುಂಬಗಳನ್ನು ಊರಿಗೆ ಕಟ್ಟಿಹಾಕಿವೆ. ಮನೆಯ ಊಟ, ವಯಸ್ಸಾದ ತಂದೆ-ತಾಯಿ, ಒಂದಿಷ್ಟು ತೋಟ, ಇವುಗಳಿಗೆ ಬೆಂಗಳೂರಿನ ಹೆಚ್ಚುವರಿ ಸಂಬಳ ಸುಲಭವಾಗಿ ಸಾಟಿಯಾಗದು. ಸ್ಥಳೀಯ ಮಾಲೀಕರಿಗೆ ಇದೇ ದೊಡ್ಡ ಬಂಡವಾಳ. ಆದರೆ ಊರಿನ ಮೋಹವನ್ನು ಕಡಿಮೆ ಕೂಲಿಗೆ ನೆಪವಾಗಿಸಿದರೆ ಆ ಬಂಡವಾಳ ಕರಗುತ್ತದೆ. ತಿಂಗಳಿಗೆ ಸರಿಯಾಗಿ ಸಂಬಳ, ಲಿಖಿತ ನೇಮಕಾತಿ ಪತ್ರ, ಕೊಯ್ಲಿನ ಕಾಲಕ್ಕೆ ರಜೆ, ರಾತ್ರಿ ಪಾಳಿಗೆ ವಾಹನ, ಮೇಲ್ವಿಚಾರಕರ ಬಾಯಲ್ಲಿ ಮರ್ಯಾದೆಯ ಮಾತು: ಇವುಗಳಲ್ಲಿ ಯಾವುದೂ ಉದ್ಯಮವನ್ನು ಮುಳುಗಿಸುವಷ್ಟು ದುಬಾರಿಯಲ್ಲ. ಇವಿಷ್ಟೂ ಇಲ್ಲದಿದ್ದರೆ ಬೆಂಗಳೂರಿನ ಬಸ್ಸು ಹೆದ್ದಾರಿಯಲ್ಲಿ ಸದಾ ಸಿದ್ಧ.