ಬಾಯಿಹುಣ್ಣು, ಎದೆಯುರಿ ಮತ್ತು ಮನೆಯ ಮಾತ್ರೆ ಡಬ್ಬಿ



ಉಣ್ಣುವ ಅನ್ನವನ್ನು ಲಿಂಗಕ್ಕರ್ಪಿಸಿ ಪ್ರಸಾದವೆಂದು ಸ್ವೀಕರಿಸುವ ಸಂಪ್ರದಾಯ ನಮ್ಮದು. ಆದರೆ ಆ ಪ್ರಸಾದವನ್ನು ಒಳಗೊಳ್ಳುವ ಬಾಯಿ, ಅದನ್ನು ಅರಗಿಸುವ ಜಠರ ಇವುಗಳ ವಿಷಯದಲ್ಲಿ ನಾವು ತೋರುವ ಅಲಕ್ಷ್ಯ ಅಷ್ಟಿಷ್ಟಲ್ಲ. ಬಾಯಲ್ಲಿ ಹುಣ್ಣಾದರೆ ಉಷ್ಣವೆನ್ನುತ್ತೇವೆ. ಎದೆ ಉರಿದರೆ ಪಿತ್ತವೆಂದು ಮಾತ್ರೆಯೊಂದನ್ನು ನುಂಗಿ ಸುಮ್ಮನಾಗುತ್ತೇವೆ. ಇವೆರಡಕ್ಕೂ ಕೆಲವೊಮ್ಮೆ ಇರುವ ನಂಟನ್ನು ಈ ಸಂಚಿಕೆಯಲ್ಲಿ ವಿಚಾರಿಸೋಣ.

ಸಾಮಾನ್ಯವಾದ ಬಾಯಿಹುಣ್ಣು 7ರಿಂದ 14 ದಿನಗಳಲ್ಲಿ ತಾನಾಗಿಯೇ ಮಾಯುತ್ತದೆ. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು, ಖಾರ ಮತ್ತು ಹುಳಿಯನ್ನು ಕೆಲದಿನ ದೂರವಿಡುವುದು ಇವಿಷ್ಟೇ ಬಹಳಷ್ಟು ಸಲ ಸಾಕು. ನೋವು ಹೆಚ್ಚಿದ್ದರೆ ಹುಣ್ಣಿಗೆ ಹಚ್ಚುವ ಮುಲಾಮನ್ನು ವೈದ್ಯರು ಸೂಚಿಸುತ್ತಾರೆ. ಹಸುಗೂಸಿನ ಬಾಯಿಗೆ ಬಿಳಿಗಾರ, ಜೇನುತುಪ್ಪ ತಿಕ್ಕುವ ಹಳೆಯ ರೂಢಿಯನ್ನು ಮಾತ್ರ ಕೈಬಿಡಬೇಕು. ಬಿಳಿಗಾರ ಕೂಸಿಗೆ ವಿಷಕಾರಿ. ಒಂದು ವರ್ಷ ತುಂಬುವ ಮೊದಲು ಜೇನು ಕೊಡುವುದೂ ಅಪಾಯಕರ.

ಹುಣ್ಣು ಮರಳಿ ಮರಳಿ ಬರುತ್ತಿದ್ದರೆ, ನಾಲಿಗೆ ಕೆಂಪಾಗಿ ನುಣುಪಾಗಿ ಉರಿಯುತ್ತಿದ್ದರೆ, ಬಿ-12 ಜೀವಸತ್ವದ ಕೊರತೆಯನ್ನು ಶಂಕಿಸಬೇಕು. ಇದು ಕಾಳು, ಸೊಪ್ಪು, ತರಕಾರಿಗಳಲ್ಲಿ ಇಲ್ಲ. ಸಸ್ಯಾಹಾರಿಗಳಾದ ನಮಗೆ ಹಾಲು, ಮೊಸರು, ಮಜ್ಜಿಗೆಗಳೇ ಇದರ ಮುಖ್ಯ ಆಸರೆ. ಮನೆಯವರಿಗೆಲ್ಲ ಬಡಿಸಿ ಕೊನೆಗೆ ಉಳಿದುದನ್ನು ಉಣ್ಣುವ ತಾಯಂದಿರಿಗೆ ಇವು ಎಷ್ಟು ದಕ್ಕುತ್ತವೆಂಬುದನ್ನು ಪ್ರತಿ ಮನೆಯವರೂ ಯೋಚಿಸಬೇಕು. ಕೊರತೆ ಬಹುಕಾಲ ಮುಂದುವರಿದರೆ ರಕ್ತಹೀನತೆ, ಕಾಲು ಜೋಮು, ಮರೆವು ತಲೆದೋರಿ, ನರಗಳಿಗಾದ ಹಾನಿ ಶಾಶ್ವತವಾಗಿ ಉಳಿಯಬಹುದು. ಒಂದು ರಕ್ತಪರೀಕ್ಷೆಯಿಂದ ಇದನ್ನು ತಿಳಿಯಬಹುದು. ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಸರಿಪಡಿಸಬಹುದು. ಔಷಧಿಯ ಬಿ-12 ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುವುದರಿಂದ ಸಸ್ಯಾಹಾರಿಗಳು ಅಳುಕಬೇಕಾಗಿಲ್ಲ. ಕ್ಯಾಪ್ಸೂಲಿನ ಹೊರಕವಚ ಮಾತ್ರ ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಟಿನ್ ಆಗಿರುತ್ತದೆ. ಬೇಡವೆನ್ನುವವರು ಮಾತ್ರೆಯ ರೂಪದಲ್ಲಿ ಬರೆದುಕೊಡುವಂತೆ ವೈದ್ಯರನ್ನು ಕೇಳಬಹುದು.

ಎದೆಯುರಿಯ ಮಾತ್ರೆಗಳ ನಂಟು ಇರುವುದು ಇಲ್ಲಿಯೇ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದವು ಜಠರದ ಆಮ್ಲವನ್ನು ತಗ್ಗಿಸುತ್ತವೆ. ಆಹಾರದಲ್ಲಿರುವ ಬಿ-12 ಬಿಡಿಸಿಕೊಳ್ಳಲು ಆ ಆಮ್ಲವೇ ಬೇಕು. ಆದ್ದರಿಂದ ಇವನ್ನು ವರ್ಷಗಟ್ಟಲೆ ನುಂಗುವವರಲ್ಲಿ ಕೊರತೆ ಉಂಟಾಗಬಹುದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಜೊತೆಗಿದ್ದರೆ ಸಂಭವ ಇನ್ನೂ ಹೆಚ್ಚು. ಹಾಗೆಂದು ಈ ಔಷಧಿಗಳನ್ನು ತಾವಾಗಿಯೇ ಥಟ್ಟನೆ ನಿಲ್ಲಿಸಬಾರದು. ಉರಿ ಮೊದಲಿಗಿಂತ ಹೆಚ್ಚಾಗಿ ಮರುಕಳಿಸಬಹುದು. ಎಷ್ಟು ದಿನ ಬೇಕೆಂಬುದನ್ನು ವೈದ್ಯರೇ ನಿರ್ಧರಿಸಲಿ.

ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಗಳೇ ಕಾರಣವೆಂಬ ನಂಬಿಕೆ ಬಹುಕಾಲ ಇತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಹೆಲಿಕೊಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವಿನ ಪಾತ್ರವನ್ನು ತೋರಿಸಿಕೊಟ್ಟು, 2005ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರು. ಈ ಸೋಂಕಿಗೆ ಪ್ರತಿಜೀವಕಗಳ ಚಿಕಿತ್ಸೆಯುಂಟು; ಅದನ್ನು ಅರ್ಧಕ್ಕೆ ಬಿಡಬಾರದು. ಮಂಡಿನೋವಿಗೆಂದು ದಿನವೂ ನುಂಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್‌ಗಳು ಜಠರದ ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ. ಮನೆಯ ಹಿರಿಯರ ಮಾತ್ರೆ ಡಬ್ಬಿಯನ್ನು ಮಕ್ಕಳು ಒಮ್ಮೆ ತೆರೆದು ನೋಡುವುದು ಒಳಿತು.

ಕೆಲವು ಲಕ್ಷಣಗಳಿಗೆ ಮನೆಮದ್ದು ಸಲ್ಲದು. ಟಾರಿನಂತಹ ಕಪ್ಪು ಮಲ, ರಕ್ತವಾಂತಿ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಇವು ಕಂಡರೆ ತಡಮಾಡಬಾರದು. ಎದೆಯುರಿಯೊಂದಿಗೆ ಬೆವರು, ಏದುಸಿರು, ತೋಳು ಅಥವಾ ದವಡೆಗೆ ಹರಿಯುವ ನೋವು ಇದ್ದರೆ ಅದು ಹೃದಯಾಘಾತವಿರಬಹುದು. ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಮೂರು ವಾರ ಕಳೆದರೂ ಮಾಯದ ಬಾಯಿಹುಣ್ಣು, ಒಳಗೆನ್ನೆಯ ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ಪೂರ್ತಿ ತೆರೆಯಲಾಗದಿರುವುದು ಕ್ಯಾನ್ಸರಿನ ಮುನ್ಸೂಚನೆಯಿರಬಹುದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸಾರಿದೆ. ಊಟದ ನಂತರದ ತಾಂಬೂಲ ಇಡೀ ದಿನ ಜಗಿಯುವ ಚಟವಾಗಿದ್ದರೆ, ಅದನ್ನು ಬಿಡುವುದೂ ಒಂದು ವ್ರತವೆಂದೇ ತಿಳಿಯಬೇಕು.

ಕಾಯಕಕ್ಕೆ ಕಾಯ ಬೇಕು. ಅದನ್ನು ಕಾಪಾಡಿಕೊಳ್ಳುವುದು ನಮ್ಮೆಲ್ಲರ ಹೊಣೆ.